ಹೆಗಲಿಗೆ ಎಷ್ಟು, ಅಚ್ಚಿಗೆ ಎಷ್ಟು?

ಮಕ್ಕಳೇ, ಕಡಲೆಕಾಯಿ ಸುಗ್ಗಿಯ ಕಾಲದಲ್ಲಿ ನಮ್ಮ ರಾಯದುರ್ಗ, ಮಡಕಶಿರಾ ಕಡೆಯ ರಸ್ತೆಗಳನ್ನು ನೋಡಿದ್ದೀರಲ್ಲವೇ? ಹೊಲದಿಂದ ಕಣಕ್ಕೆ ಗಿಡ, ಕಣದಿಂದ ಮನೆಗೆ ಮೂಟೆ, ಮನೆಯಿಂದ ಪೇಟೆಗೆ ಕಾಯಿ. ಹಿಂದೆ ಇದೆಲ್ಲವನ್ನೂ ಎತ್ತಿನ ಗಾಡಿ ಸಾಗಿಸುತ್ತಿತ್ತು. ಈಗ ಹೆಚ್ಚಿನ ಕೆಲಸವನ್ನು ಟ್ರ್ಯಾಕ್ಟರ್ ಮಾಡುತ್ತದೆ. ಈ ಎರಡು ಊರುಗಳೂ ಮೊದಲು ಅನಂತಪುರ ಜಿಲ್ಲೆಯಲ್ಲೇ ಇದ್ದವು. 2022ರಲ್ಲಿ ಮಡಕಶಿರಾ ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಬೇರೆಯಾದರೂ ಗಾಡಿ ತುಂಬುವ ಕ್ರಮ ಎರಡೂ ಕಡೆ ಒಂದೇ.

ಗಾಡಿಗೆ ಮೂಟೆ ಹೇರುವುದನ್ನು ಒಮ್ಮೆ ಗಮನವಿಟ್ಟು ನೋಡಿ. ಅನುಭವವುಳ್ಳ ರೈತರು ಮೂಟೆಗಳನ್ನು ಸಿಕ್ಕ ಕಡೆ ಎಸೆಯುವುದಿಲ್ಲ. ಮೊದಲ ಮೂಟೆಗಳನ್ನು ಅಚ್ಚಿನ ನೇರಕ್ಕೆ ಇಡುತ್ತಾರೆ. ಆಮೇಲೆ ಹಿಂದಕ್ಕೊಂದು, ಮುಂದಕ್ಕೊಂದು. ನಡುವೆ ಒಮ್ಮೆ ಕೆಳಗಿಳಿದು ನೊಗವನ್ನು ಎರಡು ಕೈಗಳಿಂದ ಎತ್ತಿ ನೋಡುತ್ತಾರೆ. ನೊಗ ತಾನಾಗಿಯೇ ಮೇಲೆ ಏಳುವಂತಿದ್ದರೆ ಹಿಂದೆ ಭಾರ ಹೆಚ್ಚಾಯಿತು ಎಂದರ್ಥ. ಎತ್ತಲು ಕಷ್ಟವಾದರೆ ಮುಂದೆ ಹೆಚ್ಚಾಯಿತು. ಆಗ ಒಂದು ಮೂಟೆಯನ್ನು ಅರ್ಧ ಅಡಿ ಸರಿಸುತ್ತಾರೆ. ತಕ್ಕಡಿ ಇಲ್ಲದೆ ಕೈಯಲ್ಲೇ ತೂಗುವ ಕೆಲಸ ಇದು.

ಅರ್ಧ ಅಡಿ ಸರಿಸಿದರೆ ಅಷ್ಟು ವ್ಯತ್ಯಾಸವಾಗುವುದೇ? ನೀವೇ ಮಾಡಿ ನೋಡಿ. 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ತೆಗೆದುಕೊಳ್ಳಿ. ಅದರ ನಡುಭಾಗ ಒಂದು ಪೆನ್ಸಿಲಿನ ಮೇಲೆ ಬರುವಂತೆ ಇಡಿ. ಪೆನ್ಸಿಲಿನಿಂದ 5 ಸೆಂಟಿಮೀಟರ್ ದೂರದಲ್ಲಿ ಒಂದೇ ಬಗೆಯ ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಡಿ. ಇನ್ನೊಂದು ಪಕ್ಕದಲ್ಲಿ 10 ಸೆಂಟಿಮೀಟರ್ ದೂರದಲ್ಲಿ ಅದೇ ಬಗೆಯ ಒಂದೇ ನಾಣ್ಯ ಇಡಿ. ಪಟ್ಟಿ ಸಮವಾಗಿ ನಿಲ್ಲುತ್ತದೆ! ಒಂದು ನಾಣ್ಯ ಎರಡು ನಾಣ್ಯಗಳಿಗೆ ಸಮನಾಯಿತು, ಏಕೆಂದರೆ ಅದು ಎರಡರಷ್ಟು ದೂರದಲ್ಲಿದೆ. ಸುಮಾರು 2200 ವರ್ಷಗಳ ಹಿಂದೆ ಗ್ರೀಕ್ ವಿಜ್ಞಾನಿ ಆರ್ಕಿಮಿಡೀಸ್ ಈ ನಿಯಮವನ್ನು ಲೆಕ್ಕದ ಮೂಲಕ ತೋರಿಸಿಕೊಟ್ಟನು. ಭಾರವನ್ನು ದೂರದಿಂದ ಗುಣಿಸಬೇಕು. ಎರಡೂ ಕಡೆಯ ಗುಣಲಬ್ಧ ಒಂದೇ ಆದರೆ ಸಮತೋಲ.

ಗಾಡಿಯಲ್ಲಿ ಅಚ್ಚೇ ಆ ಪೆನ್ಸಿಲ್. ಅಚ್ಚಿನಿಂದ ನೊಗಕ್ಕೆ ಹತ್ತು ಅಡಿ ದೂರ ಎಂದುಕೊಳ್ಳೋಣ. 40 ಕಿಲೋ ತೂಕದ ಒಂದು ಮೂಟೆಯನ್ನು ಸರಿಯಾಗಿ ಅಚ್ಚಿನ ಮೇಲೆ ಇಟ್ಟರೆ ಅದರ ಭಾರವನ್ನೆಲ್ಲ ಚಕ್ರಗಳೇ ಹೊರುತ್ತವೆ. ಎತ್ತಿನ ಹೆಗಲಿಗೆ ಏನೂ ಬರುವುದಿಲ್ಲ. ಅದನ್ನೇ ಮೂರು ಅಡಿ ಮುಂದೆ ಇಟ್ಟರೆ? 40ನ್ನು 3ರಿಂದ ಗುಣಿಸಿ 10ರಿಂದ ಭಾಗಿಸಿ. 12 ಕಿಲೋ ನೊಗದ ಮೇಲೆ ಬೀಳುತ್ತದೆ. ಮೂರು ಅಡಿ ಹಿಂದೆ ಇಟ್ಟರೆ ಅದೇ 12 ಕಿಲೋ ನೊಗವನ್ನು ಮೇಲಕ್ಕೆ ಎತ್ತುತ್ತದೆ. ಮೂಟೆ ಒಂದೇ, ತೂಕ ಒಂದೇ. ಇಟ್ಟ ಜಾಗ ಮಾತ್ರ ಬೇರೆ.

ಮುಂದೆ ಭಾರ ಹೆಚ್ಚಾದರೆ ಎತ್ತಿನ ಹೆಗಲು ಉಜ್ಜಿ ಉಜ್ಜಿ ಬಾತುಕೊಳ್ಳುತ್ತದೆ, ಹುಣ್ಣಾಗುತ್ತದೆ. ಹಿಂದೆ ಹೆಚ್ಚಾದರೆ ಇನ್ನೂ ಕಷ್ಟ. ನೊಗಕ್ಕೆ ಕಟ್ಟಿದ ಪಟ್ಟಿಯೊಂದು ಎತ್ತಿನ ಕೊರಳ ಕೆಳಗಿನಿಂದ ಹಾದುಹೋಗುತ್ತದೆ. ಅದನ್ನು ಜೊತ್ತಿಗೆ ಎನ್ನುತ್ತಾರೆ. ನೊಗ ಮೇಲಕ್ಕೆದ್ದರೆ ಜೊತ್ತಿಗೆ ಕೊರಳನ್ನು ಬಿಗಿಯುತ್ತದೆ. ಎತ್ತಿಗೆ ಉಸಿರಾಡಲು ಆಗುವುದಿಲ್ಲ. ಅದು ಬಾಯಿಬಿಟ್ಟು ಹೇಳಲೂ ಆರದು. ಆದ್ದರಿಂದ ಗಾಡಿಯ ಭಾರ ಅಚ್ಚಿನ ಮೇಲೆಯೇ ಇದ್ದರೂ, ಸ್ವಲ್ಪ ಭಾಗ ಮುಂದಕ್ಕೆ ವಾಲಿರಬೇಕು. ನೊಗ ಹೆಗಲ ಮೇಲೆ ಕುಳಿತಿರಬೇಕು, ಒತ್ತಬಾರದು.

ಈಗ ನಿಮ್ಮದೇ ಒಂದು ಆಟದ ಮಾತು. ಹೋಗುತ್ತಿರುವ ಗಾಡಿಯ ಹಿಂದೆ ಓಡಿ ಜೋತುಬೀಳುವುದು ಮಕ್ಕಳಿಗೆ ಬಲು ಇಷ್ಟ. “ಏ ಹುಡುಗ್ರಾ, ಹಿಂದೆ ಜೋತುಬೀಳಬೇಡ್ರೋ!” ಎಂದು ಗಾಡಿಯವರು ಕೂಗಿದರೆ, ಅವರು ಸಿಡುಕರು ಎಂದು ನಾವು ತಿಳಿಯುತ್ತೇವೆ. ಲೆಕ್ಕ ಮಾಡಿ ನೋಡೋಣ. 20 ಕಿಲೋ ತೂಕದ ಹುಡುಗನೊಬ್ಬ ಅಚ್ಚಿನಿಂದ ಐದು ಅಡಿ ಹಿಂದೆ ಜೋತುಬಿದ್ದರೆ ನೊಗದ ಭಾರ 10 ಕಿಲೋ ಕಡಿಮೆಯಾಗುತ್ತದೆ. ಮೂವರು ಸೇರಿದರೆ 30 ಕಿಲೋ. ಹೆಗಲ ಮೇಲೆ ಮೊದಲಿಗೆ 25 ಕಿಲೋ ಮಾತ್ರ ಇದ್ದರೆ, ಆಗ ನೊಗ ಮೇಲಕ್ಕೆದ್ದು ಜೊತ್ತಿಗೆ ಕೊರಳನ್ನು ಎಳೆಯುತ್ತದೆ. ಹಿಂದೆ ನಗುತ್ತಾ ತೂಗಾಡುವವರಿಗೆ ಮುಂದಿನ ಎತ್ತಿನ ಮುಖ ಕಾಣುವುದಿಲ್ಲ.

ಗುಡ್ಡದ ಸೀಮೆಯಾದ ಮಡಕಶಿರಾ ಕಡೆ ಇನ್ನೊಂದು ತೊಡಕಿದೆ. ಸಮತಟ್ಟಾದ ದಾರಿಯಲ್ಲಿ ಸರಿಯಾಗಿದ್ದ ಗಾಡಿ ಏರು ಬಂದಾಗ ಹಿಂಭಾರವಾಗುತ್ತದೆ! ಮನೆ ಕಟ್ಟುವವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವ ತೂಗುಗುಂಡನ್ನು ನೆನಪಿಸಿಕೊಳ್ಳಿ. ಮೂಟೆಗಳ ರಾಶಿಯ ನಡುವಿನಿಂದ ಅಂಥದೊಂದು ದಾರವನ್ನು ಇಳಿಬಿಟ್ಟರೆ, ಗಾಡಿ ಏರುವಾಗ ಅದು ಅಚ್ಚಿನ ಹಿಂದಕ್ಕೆ ಬೀಳುತ್ತದೆ. ಇಳಿಯುವಾಗ ಮುಂದಕ್ಕೆ ಬೀಳುತ್ತದೆ. ರಾಶಿ ಎತ್ತರವಾದಷ್ಟೂ ಈ ಹೆಚ್ಚುಕಡಿಮೆ ದೊಡ್ಡದು. ಅದಕ್ಕೇ ಗಾಡಿ ಹೊಡೆಯುವವರು ಏರಿನಲ್ಲಿ ಮೂಕಿಯ ಕಡೆಗೆ ಸರಿದು ಕೂರುತ್ತಾರೆ, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುತ್ತಾರೆ. ಅವರ ಮೈಭಾರವೇ ಅಲ್ಲಿ ತೂಕದ ಬಟ್ಟು.

ಮರದ ಗಾಲಿಗೆ ಕಬ್ಬಿಣದ ಪಟ್ಟಿ ಹೊಡೆದ ಗಾಡಿಗಳು ಮರಳಿನಲ್ಲಿ ಹೂತುಕೊಳ್ಳುತ್ತವೆ. ರಾಯದುರ್ಗದ ಆಚೆ ಕಣೇಕಲ್ಲು, ಬೊಮ್ಮನಹಾಳು ಕಡೆ ಹಗರಿ ನದಿಯ ಮರಳು ದಿಬ್ಬಗಳಿರುವುದರಿಂದ ಅಲ್ಲಿಯವರಿಗೆ ಇದು ಚೆನ್ನಾಗಿ ಗೊತ್ತು. ಅಗಲವಾದ ರಬ್ಬರ್ ಟೈರಿನ ಗಾಡಿ ಅಷ್ಟು ಹೂಳುವುದಿಲ್ಲ. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯನ್ನು ಸುಧಾರಿಸಿ ಎತ್ತುಗಳ ನೋವನ್ನು ಕಡಿಮೆ ಮಾಡಬೇಕೆಂದು ಬಹುಕಾಲ ದುಡಿದರು. ದೊಡ್ಡ ದೊಡ್ಡ ಕಾರ್ಖಾನೆಗಳ ವಿಷಯ ಕಲಿಸುವ ಸಂಸ್ಥೆಯ ಮುಖ್ಯಸ್ಥರು ಎತ್ತಿನ ಹೆಗಲಿನ ಬಗ್ಗೆ ಯೋಚಿಸಿದರು ಎಂಬುದು ಸಣ್ಣ ಮಾತಲ್ಲ. ಗಾಡಿ ಎಳೆಯುವ ಪ್ರಾಣಿಗಳಿಗಾಗಿ ಭಾರತ ಸರ್ಕಾರವೂ 1965ರಲ್ಲಿ ನಿಯಮಗಳನ್ನು ಮಾಡಿತು. ಹೇರಬಹುದಾದ ಭಾರಕ್ಕೆ ಮಿತಿ ಇಟ್ಟಿತು.

ಇನ್ನು ಟ್ರ್ಯಾಕ್ಟರಿಗೆ ಬರೋಣ. ಅದಕ್ಕೆ ಹೆಗಲೂ ಇಲ್ಲ, ಕೊರಳೂ ಇಲ್ಲ. ಹಾಗಾದರೆ ಟ್ರೇಲರನ್ನು ಹೇಗೆ ಬೇಕಾದರೂ ತುಂಬಬಹುದೇ? ಇಲ್ಲ. ಎರಡು ಚಕ್ರದ ಟ್ರೇಲರ್ ಎತ್ತಿನ ಗಾಡಿಯ ಅಣ್ಣನಿದ್ದಂತೆ. ನೊಗದ ಜಾಗದಲ್ಲಿ ಅದಕ್ಕೆ ಟ್ರ್ಯಾಕ್ಟರಿನ ಕೊಂಡಿ ಇದೆ. ಹಿಂದೆ ಭಾರ ಹೆಚ್ಚಾದರೆ ಅದು ಕೊಂಡಿಯನ್ನು ಮೇಲಕ್ಕೆ ಎತ್ತುತ್ತದೆ. ಆಗ ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಚಕ್ರಗಳು ನೆಲವನ್ನು ಗಟ್ಟಿಯಾಗಿ ಹಿಡಿಯಲಾರವು. ಕೆಸರಿನಲ್ಲಿ ನಿಂತಲ್ಲೇ ತಿರುಗುತ್ತವೆ. ಬ್ರೇಕ್ ಹಾಕಿದರೂ ಜಾರುತ್ತವೆ. ವೇಗವಾಗಿ ಹೋದರೆ ಟ್ರೇಲರ್ ಹಾವಿನಂತೆ ಅತ್ತಿತ್ತ ಹೊಯ್ದಾಡುತ್ತದೆ. ಮುಂದೆ ಭಾರ ತೀರಾ ಹೆಚ್ಚಾದರೆ ಕೊಂಡಿ ಕೆಳಕ್ಕೆ ಒತ್ತಲ್ಪಟ್ಟು ಟ್ರ್ಯಾಕ್ಟರಿನ ಮುಂದಿನ ಚಿಕ್ಕ ಚಕ್ರಗಳು ಹಗುರಾಗುತ್ತವೆ; ಏರಿನಲ್ಲಿ ನೆಲ ಬಿಟ್ಟು ಮೇಲೇಳಲೂಬಹುದು. ತಿರುಗಿಸುವ ಚಕ್ರಗಳೇ ಅವು. ಅವು ನೆಲಕ್ಕೆ ತಾಗದಿದ್ದರೆ ಚಾಲಕ ಸ್ಟೀರಿಂಗ್ ತಿರುಗಿಸಿ ಏನು ಪ್ರಯೋಜನ? ಕೆಲವು ಟ್ರ್ಯಾಕ್ಟರುಗಳ ಮೂತಿಗೆ ಕಬ್ಬಿಣದ ತೂಕಗಳನ್ನು ಸಿಕ್ಕಿಸಿರುತ್ತಾರೆ. ಅವು ಅಂದಕ್ಕಾಗಿ ಅಲ್ಲ.

ನಾಲ್ಕು ಚಕ್ರದ ಟ್ರೇಲರಿನಲ್ಲಿ ಭಾರವನ್ನು ಅದರ ಚಕ್ರಗಳೇ ಹೊರುತ್ತವೆ. ಆದರೂ ಎಡ ಬಲ ಸಮನಾಗಿರಬೇಕು. ಹುಲ್ಲಿನ ಹೊರೆಗಳನ್ನು ಮಾಳಿಗೆಯೆತ್ತರ ಪೇರಿಸಿದ ಟ್ರೇಲರ್ ಕೆರೆ ಏರಿಯ ತಿರುವಿನಲ್ಲಿ ಮಗುಚುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಅದರ ಮೇಲೆ ಜನ ಕುಳಿತಿದ್ದರಂತೂ ಹೇಳುವುದೇ ಬೇಡ. ಟ್ರೇಲರ್ ಇರುವುದು ಸಾಮಾನಿಗಾಗಿ, ಜನರಿಗಾಗಿ ಅಲ್ಲ. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಿನ ಕಂಬಿಯ ಮೇಲೆ ನಿಲ್ಲುವುದು ಎಲ್ಲಕ್ಕಿಂತ ಅಪಾಯ. ಅಲ್ಲಿಂದ ಜಾರಿದರೆ ಬೀಳುವುದು ಚಕ್ರದ ಮುಂದೆಯೇ.

ದೂರದ ಇಂಗ್ಲೆಂಡ್, ಅಮೆರಿಕ ದೇಶಗಳಲ್ಲಿ ರಜೆ ಬಂದಾಗ ಕೆಲವರು ಕಾರಿನ ಹಿಂದೆ ಚಕ್ರವಿರುವ ಪುಟ್ಟ ಮನೆಯನ್ನೇ ಕಟ್ಟಿಕೊಂಡು ಹೊರಡುತ್ತಾರೆ. ಅದರ ಹೆಸರು ಕ್ಯಾರವಾನ್. ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲ ಅದರಲ್ಲಿರುತ್ತವೆ. ಭಾರವಾದ ವಸ್ತುಗಳನ್ನು ಕೆಳಗೆ, ಅಚ್ಚಿನ ಹತ್ತಿರ ಇಡಬೇಕು ಎಂದು ಅಲ್ಲಿಯೂ ಹೇಳಿಕೊಡುತ್ತಾರೆ. ಕ್ಯಾರವಾನಿನ ತೂಕ 100 ಕಿಲೋ ಎಂದುಕೊಂಡರೆ, ಇಂಗ್ಲೆಂಡಿನಲ್ಲಿ ಅದರಲ್ಲಿ 5ರಿಂದ 7 ಕಿಲೋ ಕೊಂಡಿಯ ಮೇಲಿರಲಿ ಎನ್ನುತ್ತಾರೆ. ಅಮೆರಿಕದಲ್ಲಿ ಇಂಥ ಟ್ರೇಲರುಗಳಿಗೆ 10ರಿಂದ 15 ಕಿಲೋ ಎನ್ನುತ್ತಾರೆ. ನಮ್ಮ ರೈತರು ಕೈಯಿಂದ ನೊಗ ಎತ್ತಿ ನೋಡಿದರೆ, ಅವರು ಚಿಕ್ಕ ತಕ್ಕಡಿ ಇಟ್ಟು ನೋಡುತ್ತಾರೆ, ಅಷ್ಟೇ.

ಇಳಿಸುವಾಗಲೂ ಕ್ರಮವಿದೆ. ಎತ್ತು ಬಿಚ್ಚಿದ ಗಾಡಿಯಿಂದ ಮುಂದಿನ ಮೂಟೆಗಳನ್ನೇ ಮೊದಲು ತೆಗೆದರೆ, ಹಿಂದೆ ಉಳಿದ ಮೂಟೆಗಳ ಭಾರಕ್ಕೆ ಮೂಕಿ ತಟ್ಟನೆ ಮೇಲೆದ್ದು ಗಾಡಿ ಹಿಂದಕ್ಕೆ ಬೀಳುತ್ತದೆ. ಹಿಂದೆ ನಿಂತವರ ಗತಿ ಏನು? ಆದ್ದರಿಂದ ಮೊದಲು ಚಕ್ರಗಳಿಗೆ ಕಲ್ಲು ಕೊಡುತ್ತಾರೆ. ಮೂಕಿಯ ಕೆಳಗೂ ಹಿಂಬದಿಗೂ ಆಸರೆ ಕೋಲು ನಿಲ್ಲಿಸುತ್ತಾರೆ. ಆಮೇಲೆ ಹಿಂದಿನ ಮೂಟೆಯಿಂದ ಇಳಿಸಲು ಆರಂಭಿಸುತ್ತಾರೆ; ಅಚ್ಚಿನ ಮೇಲಿನ ಮೂಟೆಗಳು ಕೊನೆಗೆ ಇಳಿಯುತ್ತವೆ.