ಮೋಟಾರ್ ಸೈಕಲ್ಲಿನ ಮುಂದಿನ ಫೋರ್ಕು: ಗುಣವೇನು, ಕೊರತೆಯೇನು?

ಬೆಳಗಿನ ಹಾಲನ್ನು ಡೇರಿಗೆ ಮುಟ್ಟಿಸಲು ಕ್ಯಾನು ಕಟ್ಟಿಕೊಂಡು ಮೋಟಾರ್ ಸೈಕಲ್ಲಿನಲ್ಲಿ ಹೊರಟಿದ್ದೀರಿ. ಇಳಿಜಾರಿನಲ್ಲಿ ಒಮ್ಮೆಲೇ ಗುಂಡಿ ಕಾಣಿಸುತ್ತದೆ. ಗಾಬರಿಯಿಂದ ಮುಂದಿನ ಬ್ರೇಕನ್ನು ಅದುಮಿ ಹಿಡಿಯುತ್ತೀರಿ. ಗಾಡಿಯ ಮೂತಿ ತಗ್ಗುತ್ತದೆ. ಗುಂಡಿಗೆ ಇಳಿದೊಡನೆ ಪೆಟ್ಟು ನೇರವಾಗಿ ಅಂಗೈಗೆ ಬಡಿಯುತ್ತದೆ, ಹ್ಯಾಂಡಲ್ ಓಲಾಡುತ್ತದೆ. ಸ್ಪ್ರಿಂಗ್ ಇದ್ದೂ ಹೀಗೇಕೆ?

ಹಳ್ಳಿಗಳಲ್ಲಿ ಓಡಾಡುವ ಬಹುತೇಕ ಮೋಟಾರ್ ಸೈಕಲ್ಲುಗಳಿಗೆ ಇರುವುದು ಟೆಲಿಸ್ಕೋಪಿಕ್ ಫೋರ್ಕು. ಚಕ್ರದ ಎರಡು ಪಕ್ಕದಲ್ಲೂ ಒಂದರೊಳಗೊಂದು ಜಾರುವ ಕೊಳವೆಗಳು, ಅವುಗಳ ಒಳಗೆ ಸ್ಪ್ರಿಂಗ್ ಮತ್ತು ಎಣ್ಣೆ. ಪೆಟ್ಟನ್ನು ನುಂಗುವುದು ಸ್ಪ್ರಿಂಗಿನ ಕೆಲಸ. ಅದು ಮತ್ತೆ ಮತ್ತೆ ಕುಪ್ಪಳಿಸದಂತೆ ತಡೆಯುವುದು ಸಣ್ಣ ರಂಧ್ರಗಳಲ್ಲಿ ಹಾಯುವ ಎಣ್ಣೆಯ ಕೆಲಸ. ಇಂಥ ಫೋರ್ಕನ್ನು ಜರ್ಮನಿಯ ಬಿಎಂಡಬ್ಲ್ಯು ಕಂಪನಿ ೧೯೩೫ರಲ್ಲೇ ತನ್ನ ಗಾಡಿಗಳಿಗೆ ಅಳವಡಿಸಿತು. ೧೯೬೧ರಿಂದ ೧೯೯೬ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳಿಗೂ ಇದೇ ಬಗೆಯ ಫೋರ್ಕು ಇತ್ತು.

ಇದು ಹಗುರ, ತಯಾರಿಕೆಗೆ ಅಗ್ಗ. ಚಕ್ರ ಸಾಕಷ್ಟು ಮೇಲೆ ಕೆಳಗೆ ಆಡಬಲ್ಲದು. ಆದರೆ ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬಂದು ಸ್ಪ್ರಿಂಗನ್ನು ಅದುಮುತ್ತದೆ. ಗುಂಡಿ ಬರುವ ಹೊತ್ತಿಗೆ ನುಂಗಲು ಜಾಗವೇ ಉಳಿದಿರುವುದಿಲ್ಲ.

ಈ ಕೊರತೆಗೆ ಬೇರೆ ದಾರಿ ಇಲ್ಲವೇ? ಇದೆ. ಫೋರ್ಕಿನ ತುದಿಯಲ್ಲಿ ಕೀಲಿಟ್ಟು, ಅಲ್ಲಿಂದ ಮುಂದಕ್ಕೆ ಚಾಚಿದ ತೋಳಿನಲ್ಲಿ ಚಕ್ರವನ್ನು ಕೂರಿಸುವುದು ಒಂದು ವಿಧಾನ. ೧೯೫೮ರಲ್ಲಿ ಬಂದ ಹೋಂಡಾ ಸೂಪರ್ ಕಬ್ ಗಾಡಿಗೆ ಇದೇ ಇತ್ತು. ಇದರಲ್ಲಿ ಬ್ರೇಕು ಹಿಡಿದಾಗ ಮೂತಿ ತಗ್ಗುವ ಬದಲು ತುಸು ಮೇಲೇಳುತ್ತದೆ. ಬಿಎಂಡಬ್ಲ್ಯು ಕೂಡ ೧೯೫೫ರಿಂದ ೧೯೬೯ರವರೆಗೆ ಉದ್ದ ತೋಳಿನ ಅರ್ಲ್ಸ್ ಫೋರ್ಕನ್ನು ಬಳಸಿತು. ಪಕ್ಕದ ತೊಟ್ಟಿಲು ಕಟ್ಟಿದ ಗಾಡಿಗೆ ಅದು ಚೆನ್ನಾಗಿ ಹೊಂದುತ್ತಿತ್ತು. ಆದರೆ ತೂಕ ಹೆಚ್ಚು, ಹ್ಯಾಂಡಲ್ ತಿರುಗಿಸುವುದು ನಿಧಾನ, ಕೀಲಿನ ಬುಷ್‌ಗಳು ಸವೆದರೆ ಚಕ್ರ ಅಲುಗುತ್ತದೆ. ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ತೋಳು ಹಿಂದಕ್ಕೆ ಚಾಚಿತ್ತು. ಒಂದೇ ಪಕ್ಕದ ಆಧಾರವಿದ್ದುದರಿಂದ ಚಕ್ರ ಬಿಚ್ಚುವುದು ಸುಲಭ. ಆದರೆ ಬ್ರೇಕಿಗೆ ಮೂತಿ ಬಗ್ಗುತ್ತಿತ್ತು.

ಹೀಗೆ ಎಲ್ಲ ಗುಣವೂ ಕೂಡಿದ ಫೋರ್ಕು ಇಲ್ಲ. ನಿಮ್ಮಲ್ಲಿರುವುದನ್ನು ಅರಿತು ನಡೆಸುವುದೇ ಜಾಣತನ. ಕೆಳಗಿನ ಸಂಗತಿಗಳನ್ನು ಗಮನದಲ್ಲಿಡಿ:

೧. ಗುಂಡಿಗೆ ಮುಂಚೆಯೇ ಎರಡೂ ಬ್ರೇಕು ಹಿಡಿದು ವೇಗ ತಗ್ಗಿಸಿ. ಚಕ್ರ ಗುಂಡಿಗೆ ಇಳಿಯುವಾಗ ಮುಂದಿನ ಬ್ರೇಕನ್ನು ಬಿಡಿ. ಅದುಮಿದ ಸ್ಪ್ರಿಂಗ್ ಬಿಚ್ಚಿಕೊಂಡು ಪೆಟ್ಟನ್ನು ತಾಳುತ್ತದೆ.

೨. ಗೊಬ್ಬರದ ಮೂಟೆಯನ್ನು ತೀರ ಹಿಂದಕ್ಕೆ ಹೇರಬೇಡಿ. ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಹಿಡಿತ ತಪ್ಪುತ್ತದೆ. ಹ್ಯಾಂಡಲ್ಲಿಗೆ ಕ್ಯಾನು ನೇತು ಹಾಕುವುದೂ ಬೇಡ.

೩. ಗದ್ದೆಯ ಕೆಸರು ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಒಣಗಲು ಬಿಡಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ ಮಣ್ಣು ಆಯಿಲ್ ಸೀಲನ್ನು ಕೊರೆಯುತ್ತದೆ.

೪. ಕೊಳವೆಯ ಮೇಲೆ ಎಣ್ಣೆಯ ಜಿಡ್ಡು ಕಂಡರೆ ತಡ ಮಾಡಬೇಡಿ. ಸೋರಿದ ಎಣ್ಣೆ ಬ್ರೇಕಿಗೆ ತಾಗಿದರೆ ಬ್ರೇಕು ಹಿಡಿಯುವುದಿಲ್ಲ. ಎರಡೂ ಪಕ್ಕದ ಸೀಲು ಬದಲಿಸಿ, ಕಂಪನಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹೇಳಿದ ಅಳತೆಯಲ್ಲಿ ಎರಡಕ್ಕೂ ಸಮವಾಗಿ ಹಾಕಿಸಿ.

೫. ವಾರಕ್ಕೊಮ್ಮೆ ಮುಂದಿನ ಬ್ರೇಕು ಹಿಡಿದು ಹ್ಯಾಂಡಲ್ಲನ್ನು ಬಲವಾಗಿ ಅದುಮಿ ಬಿಡಿ. ಅದು ನಿಧಾನವಾಗಿ ಮೇಲೆದ್ದು ನಿಲ್ಲಬೇಕು. ಕುಪ್ಪಳಿಸಿದರೆ ಎಣ್ಣೆ ಕಡಿಮೆಯಾಗಿರಬಹುದು. ‘ಟಕ್’ ಎಂಬ ಸದ್ದು ಬಂದರೆ ಕೋನ್ ಸೆಟ್ ಸಡಿಲವಾಗಿದೆಯೇ ಎಂದು ಮೆಕ್ಯಾನಿಕ್ ಬಳಿ ನೋಡಿಸಿ.

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಕಾಲು, ಗೊರಸು ನೋಡದೆ ಯಾರೂ ಹಣ ಎಣಿಸುವುದಿಲ್ಲ. ಹಳೆಯ ಮೋಟಾರ್ ಸೈಕಲ್ ಕೊಳ್ಳುವಾಗಲೂ ಬಣ್ಣ ನೋಡುವ ಮೊದಲು ಮುಂದಿನ ಫೋರ್ಕನ್ನು ಹೀಗೆ ಅದುಮಿ ನೋಡಿ. ಮನೆಮಂದಿಯನ್ನು ಹಿಂದೆ ಕೂರಿಸಿಕೊಂಡು ಹೋಗುವ ಗಾಡಿ ಅದು.