ಕಾಗದದ ಗೋಳಕ್ಕೆ ಬೇಕಾದ ಚೌಕಗಳು

ಕತ್ತರಿ, ಅಂಟುಗಳ ಸಹಾಯವಿಲ್ಲದೆ ಬರಿಯ ಮಡಿಕೆಗಳಿಂದಲೇ ಕಾಗದಕ್ಕೆ ರೂಪವನ್ನು ಕೊಡುವ ಜಪಾನೀಯರ ವಿದ್ಯೆಗೆ ಒರಿಗಾಮಿ ಎಂದು ಹೆಸರು. ಒಂದೇ ಹಾಳೆಯಿಂದ ಕೊಕ್ಕರೆಯನ್ನು ಮಾಡುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅದರದೇ ಇನ್ನೊಂದು ಶಾಖೆಯಲ್ಲಿ ಸಮನಾದ ಅನೇಕ ಚೌಕಗಳನ್ನು ಒಂದೇ ಕ್ರಮದಲ್ಲಿ ಮಡಿಸಿ, ಒಂದರ ತುದಿಯನ್ನು ಮತ್ತೊಂದರ ಜೇಬಿನೊಳಗೆ ಸೇರಿಸಿ ಘನಾಕೃತಿಗಳನ್ನು ಕಟ್ಟುವರು. 1734ರಲ್ಲಿ ಜಪಾನಿನಲ್ಲಿ ಪ್ರಕಟವಾದ ‘ರನ್ಮ ಝುಶಿಕಿ’ ಎಂಬ ಚಿತ್ರಗ್ರಂಥದಲ್ಲಿಯೇ ಇಂತಹ ಪೆಟ್ಟಿಗೆಯೊಂದು ಕಾಣುವುದು. ಈಗ ಮಕ್ಕಳಿಗೆ ಹೆಚ್ಚಾಗಿ ಕಲಿಸುವುದು ಮಿತ್ಸುನೋಬು ಸೋನೋಬೆ ಎಂಬವರ ಹೆಸರಿನಿಂದ ಪ್ರಸಿದ್ಧವಾದ ಘಟಕವನ್ನು. ಅಂತಹ 6 ಘಟಕಗಳಿಂದ ಘನವೂ, 12ರಿಂದ ಎಂಟು ಶಿಖರಗಳ ನಕ್ಷತ್ರವೂ, 30ರಿಂದ ಇಪ್ಪತ್ತು ಶಿಖರಗಳ ಗೋಳವೂ ಸಿದ್ಧವಾಗುತ್ತವೆ.

ಇದನ್ನು ಮೊದಲು ಕಂಡಾಗ ನಮಗೆ ನೆನಪಾದುದು ಶುಲ್ಬಸೂತ್ರಗಳು. ಗರುಡನ ಆಕಾರದ ಶ್ಯೇನಚಿತಿಗೆ ಐದು ಪದರಗಳು, ಪದರಕ್ಕೆ 200ರಂತೆ 1000 ಇಟ್ಟಿಗೆಗಳೆಂದು ವಿಧಿಯಿದೆ. ಇಟ್ಟಿಗೆಯ ಅಳತೆ ತಪ್ಪಿದರೆ ಗರುಡನ ರೆಕ್ಕೆ ಕೂಡಿಬರುವುದೆಂತು? ಇಷ್ಟು ಓದಿದ್ದ ನಾವೇ ಕಾಗದದ ವಿಷಯದಲ್ಲಿ ಎಡವಿದೆವೆಂಬುದನ್ನು ಸಂಕೋಚದಿಂದಲೇ ಹೇಳಬೇಕಾಗಿದೆ.

ಕಳೆದ ಬೇಸಗೆಯ ರಜೆಯಲ್ಲಿ ನೆರೆಹೊರೆಯ 40 ಮಂದಿ ಮಕ್ಕಳಿಗೆ ಈ ಗೋಳವನ್ನು ಕಲಿಸಲು ಒಪ್ಪಿಕೊಂಡೆವು. ತಲೆಗೆ 30ರಂತೆ 1200 ಚೌಕಗಳು ಬೇಕು. ಮನೆಯಲ್ಲಿ ಕತ್ತರಿಯಿಂದ ಅಷ್ಟನ್ನು ಮಾಡಹೊರಟರೆ ರಜೆಯೇ ಮುಗಿದೀತು. ಆದುದರಿಂದ 20 ಅಂಗುಲ ಅಗಲ, 30 ಅಂಗುಲ ಉದ್ದದ ಬಣ್ಣದ ಹಾಳೆಗಳನ್ನು ಕೊಂಡು, ಮುದ್ರಣಾಲಯವೊಂದಕ್ಕೆ ಕೊಟ್ಟು, 5 ಅಂಗುಲದ ಚೌಕಗಳನ್ನು ಕತ್ತರಿಸಿಕೊಡಿರೆಂದೆವು. ಹಾಳೆಗೆ 24 ಚೌಕಗಳು. 50 ಹಾಳೆಗಳಿಗೆ ಸರಿಯಾಗಿ 1200. ಒಂದು ಎಳೆಯೂ ವ್ಯರ್ಥವಿಲ್ಲ! ಈ ಲೆಕ್ಕದ ಸೊಗಸಿಗೆ ನಾವೇ ಮರುಳಾದೆವು.

ಮೂರನೆಯ ದಿನ ಎಂಟು ವರ್ಷದ ಬಾಲಕಿಯೊಬ್ಬಳ ಗೋಳವು ಕಡೆಯ ಘಟಕದಲ್ಲಿ ಕೂಡಲೊಲ್ಲದೆ ಬಾಯಿಬಿಟ್ಟಿತು. ಅವಳು ಬಿಚ್ಚಿ ಪುನಃ ಕಟ್ಟಿದಳು, ಮತ್ತೆಯೂ ಹಾಗೆಯೇ. “ನನ್ನ ಕೈಯೇ ಸರಿಯಿಲ್ಲ, ತಾತ” ಎಂದು ಕಣ್ಣೊರಸಿಕೊಂಡು ಎದ್ದುಹೋದಳು. ಮೂವತ್ತು ವರ್ಷ ಪಾಠ ಹೇಳಿದ ನಮಗೆ ಆ ಮಾತು ಚುಚ್ಚಿತು. ರಾತ್ರಿ ದೀಪದ ಕೆಳಗೆ ಅವಳ ಚೌಕಗಳನ್ನು ಬಿಚ್ಚಿ ಅಳೆದು ನೋಡಲಾಗಿ, ಹಲವು ಒಂದು ಮಗ್ಗುಲಿಗೆ ಎರಡು ಮಿಲಿಮೀಟರಿನಷ್ಟು ಓರೆಯಾಗಿದ್ದವು.

ಕಾರಣವನ್ನು ವಿಚಾರಿಸಿ ತಿಳಿದೆವು. ಗಿರಣಿಯಿಂದ ಬರುವ ದೊಡ್ಡ ಹಾಳೆಯ ಅಂಚುಗಳು ಪೂರ್ಣ ಸಮಕೋನದಲ್ಲಿರುವುವೆಂಬ ಭರವಸೆಯಿಲ್ಲ. ಕತ್ತರಿಸುವವನು ಮೊದಲು ನಾಲ್ಕು ಅಂಚುಗಳನ್ನೂ ಸವರಿ ನೇರಮಾಡಿಕೊಳ್ಳಬೇಕು. ನಾವು ಸವರಲು ಎಳೆಯಷ್ಟೂ ಉಳಿಸಿರಲಿಲ್ಲ. 24 ಚೌಕಗಳಲ್ಲಿ 16ಕ್ಕೆ ಗಿರಣಿಯ ಅಂಚೇ ಅಂಚಾಗಿತ್ತು. ದೋಷವು ಬಾಲಕಿಯ ಕೈಯದಲ್ಲ, ನಮ್ಮ ಲೋಭದ್ದು. ಮರುದಿನವೇ ಅವಳ ಮನೆಗೆ ಹೋಗಿ ಹಾಗೆಂದು ಹೇಳಿಬಂದೆವು.

ಎರಡನೆಯ ಸಲ 4¾ ಅಂಗುಲವೆಂದು ಬರೆದುಕೊಟ್ಟೆವು. ಆಗಲೂ 24 ಚೌಕಗಳೇ. ಆದರೆ ಅಗಲದಲ್ಲಿ ಒಂದು ಅಂಗುಲ, ಉದ್ದದಲ್ಲಿ ಒಂದೂವರೆ ಅಂಗುಲ ಸವರಲು ಉಳಿಯಿತು. ಹಾಳೆಗಳ ರಾಶಿಯನ್ನು ಎತ್ತರವಾಗಿ ಪೇರಿಸಬಾರದೆಂದೂ ಕೇಳಿಕೊಳ್ಳಬೇಕು. ಯಂತ್ರದ ಒತ್ತಿನಲ್ಲಿ ಮೇಲಿನ ಹಾಳೆಗಳು ಸರಿದು ಕೆಳಗಿನವುಗಳಿಗಿಂತ ಭಿನ್ನವಾಗುತ್ತವೆ. ಕಟ್ಟನ್ನು ತೆಗೆದುಕೊಳ್ಳುವಾಗ ಮೇಲಿನಿಂದೊಂದು, ತಳದಿಂದೊಂದು ಚೌಕವನ್ನು ಎಳೆದು, ಮೂಲೆಗೆ ಮೂಲೆ ಸೇರಿಸಿ ಕರ್ಣದ ಮೇಲೆ ಮಡಿಸಬೇಕು. ಅಂಚುಗಳು ಒಂದರ ಮೇಲೊಂದು ಕೂಡದಿದ್ದರೆ ಹಣ ಕೊಡುವ ಮುನ್ನವೇ ಮಾತನಾಡುವುದು ಲೇಸು. ಅಂಗಡಿಯವನು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ಬೆಂಗಳೂರಿನ ಅವೆನ್ಯೂ ರಸ್ತೆಯ ಕಡೆ ಹೋಗಬಲ್ಲವರಿಗೆ ಸಗಟು ಕಾಗದಕ್ಕೆ ಕೊರತೆಯಿಲ್ಲ. ಊರಿನಲ್ಲಿಯೇ ಇರುವವರು ಎ4 ಅಳತೆಯ ಬಣ್ಣದ ಹಾಳೆಗಳ ಕಟ್ಟನ್ನು ಕೊಳ್ಳಬಹುದು. 97 ಮಿಲಿಮೀಟರಿನ ಚೌಕಗಳು ಹಾಳೆಗೆ 6ರಂತೆ ಬಂದು ಸವರಲೂ ಸ್ಥಳವುಳಿಯುವುದು. 500 ಹಾಳೆಗಳ ಕಟ್ಟಿನಿಂದ 3000 ಚೌಕಗಳು, ಅಂದರೆ ನೂರು ಗೋಳಗಳು. ಚದರ ಮೀಟರಿಗೆ 70ರಿಂದ 80 ಗ್ರಾಂ ತೂಗುವ, ನುಣುಪಿಲ್ಲದ ಕಾಗದವೇ ಉತ್ತಮ. ಹೊಳೆಯುವ ಕಾಗದ ಜೇಬಿನಿಂದ ಜಾರುವುದು. ಜಪಾನಿನ ಸಿದ್ಧ ಚೌಕಗಳು, 15 ಸೆಂಟಿಮೀಟರಿನವು, ಒಂದು ಮಗ್ಗುಲಿಗೆ ಮಾತ್ರ ಬಣ್ಣವುಳ್ಳವು, ನೋಡಲು ಅಂದವೇ. ಆದರೆ ನಲವತ್ತು ಮಕ್ಕಳಿಗೆ ಅವನ್ನು ಕೊಂಡು ಹಂಚುವುದು ನಿವೃತ್ತ ಉಪಾಧ್ಯಾಯನ ಕೈಗೆ ಎಟುಕತಕ್ಕದ್ದಲ್ಲ.

ಬಾಲಕಿಯು ಹೊಸ ಚೌಕಗಳಿಂದ ಕಟ್ಟಿದ ಗೋಳ ಅವರ ಪಡಸಾಲೆಯಲ್ಲಿ ತೂಗಾಡುತ್ತಿದೆ. ಹಳೆಯ ಓರೆ ಚೌಕಗಳು ನಮ್ಮ ಅಡಿಗೆಮನೆಯ ಡಬ್ಬಿಯಲ್ಲಿವೆ. ಗೃಹಿಣಿಯು ದಿನಸಿಯ ಪಟ್ಟಿಯನ್ನು ಇಂದಿಗೂ ಅವುಗಳ ಮೇಲೆಯೇ ಬರೆದುಕೊಡುತ್ತಾಳೆ.