ತ.ರಾ.ಸು. ಅವರ ಕೋಟೆಯೊಳಗಿನ ಕತ್ತಲೆ

ಹಳೆಯ ಕೋಟೆ, ನಡುರಾತ್ರಿ, ಕೊಲೆ, ಭೀತಿ ಇವನ್ನು ಹೆಣೆದು ಕಥೆ ಹೇಳುವ ರೀತಿಗೆ ಇಂಗ್ಲಿಷರು ‘ಗಾಥಿಕ್’ ಎನ್ನುವರು. 1764ರಲ್ಲಿ ಹೊರೇಸ್ ವಾಲ್ಪೋಲನು ಬರೆದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಅದರ ಮೊದಲ ಕಾದಂಬರಿಯೆಂದು ತರಗತಿಯಲ್ಲಿ ಕೇಳಿದಾಗ ನನಗೆ ಥಟ್ಟನೆ ನೆನಪಾದವರು ತ.ರಾ.ಸು.

ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು 1920ರಲ್ಲಿ ಮಲೇಬೆನ್ನೂರಿನಲ್ಲಿ ಜನಿಸಿದರು. ಸ್ವಾತಂತ್ರ್ಯ ಚಳುವಳಿಗಾಗಿ ಓದು ಬಿಟ್ಟರು, ಸೆರೆಮನೆ ಕಂಡರು, ಪತ್ರಿಕೆಗಳಲ್ಲಿ ದುಡಿದರು, ಅ.ನ.ಕೃ. ಅವರೊಡನೆ ಪ್ರಗತಿಶೀಲರಾದರು. 1972ರ ‘ನಾಗರಹಾವು’ ಚಿತ್ರದಿಂದ ಅವರ ಹೆಸರನ್ನು ಓದುಬಾರದವರೂ ಬಲ್ಲರು. ‘ಹಂಸಗೀತೆ’ಯ ಗಾಯಕನು ದೊರೆಯ ಮುಂದೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುವನು. ಆ ಪುಟವನ್ನು ನಾನು ಎರಡನೆಯ ಸಲ ಓದಲಾರೆ.

ಆದರೆ ಅವರ ನಿಜವಾದ ಕತ್ತಲೆ ಇರುವುದು ಚಿತ್ರದುರ್ಗದ ಕಾದಂಬರಿಗಳಲ್ಲಿ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂಬ ಹೆಸರುಗಳೇ ಸಾಕು. ವಾಲ್ಪೋಲನ ಕೋಟೆಯಲ್ಲಿ ಭಯ ಹುಟ್ಟಿಸಲು ಭೂತ ಬೇಕಾಯಿತು. ತ.ರಾ.ಸು. ಅವರಿಗೆ ದಳವಾಯಿ ಮುದ್ದಣ್ಣನೊಬ್ಬ ಸಾಕು. ಏಳು ಸುತ್ತಿನ ಕಲ್ಲುಕೋಟೆ ಹೊರಗಿನ ವೈರಿಯನ್ನು ತಡೆದೀತು. ಅನ್ನ ಉಂಡ ಮನೆಯೊಳಗೇ ಕತ್ತಿ ಮಸೆಯುವವನನ್ನು ತಡೆಯುವುದು ಹೇಗೆ? ಮಾತು ಕೆಲವೆಡೆ ಅತಿಯಾಗುತ್ತದೆ, ನಿಜ. ನಾಟಕದ ರಾಜರಂತೆ ಪಾತ್ರಗಳು ಉದ್ದಕ್ಕೆ ಮಾತಾಡುತ್ತವೆ. ಆದರೂ ಪುಸ್ತಕ ಕೆಳಗಿಡಲಾಗದು.

ಕಿತ್ತೂರ ಸೀಮೆಯ ನಮಗೆ ಈ ಭಯ ಹೊಸದಲ್ಲ. 1824ರ ಅಕ್ಟೋಬರದಲ್ಲಿ ಥ್ಯಾಕರೆಯನ್ನು ಕೆಡವಿದ ಕೋಟೆ ಡಿಸೆಂಬರದಲ್ಲಿ ಬಿದ್ದಿತು. ಮದ್ದಿನಲ್ಲಿ ಸಗಣಿ ಬೆರೆಸಿದವರು ನಮ್ಮವರೇ ಎಂದು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಬೈಲಹೊಂಗಲದ ಚನ್ನಮ್ಮನ ಸಮಾಧಿಯ ಮುಂದೆ ನಿಂತಾಗಲೆಲ್ಲ ನನಗೆ ಥ್ಯಾಕರೆಗಿಂತ ಆ ಸಗಣಿಯೇ ನೆನಪಾಗುತ್ತದೆ.

ತ.ರಾ.ಸು. 1984ರಲ್ಲಿ ತೀರಿಕೊಂಡರು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದದ್ದು 1985ರಲ್ಲಿ. 1779ರಲ್ಲಿ ಹೈದರಾಲಿಗೆ ದುರ್ಗ ಸೋತ ಕಥೆ ಅದು. ಕೊನೆ ಏನೆಂದು ಮೊದಲೇ ಗೊತ್ತು. ಆದರೂ ಓದುವಾಗ ಎದೆ ಹೊಡೆದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ ಆದ್ದರಿಂದ ಕಾಲೇಜಿನ ಗ್ರಂಥಾಲಯದಿಂದ ಅದನ್ನು ಒಯ್ದು ರಾತ್ರಿ ಅಡಿಗೆಮನೆಯಲ್ಲಿ ಅವ್ವನಿಗೆ ಓದಿ ಹೇಳುತ್ತಿದ್ದೆ. ಕಡೆಯ ಪುಟಗಳು ಬಂದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಇವತ್ತಿಗೆ ಸಾಕೋ ಯಪ್ಪಾ, ಮುಚ್ಚು. ಇವತ್ತೊಂದ್ ರಾತ್ರಿ ಕೋಟಿ ಇರಲಿ” ಎಂದಳು.

ಪುಸ್ತಕವನ್ನು ಮರುದಿನ ಹಿಂದಿರುಗಿಸಬೇಕಾಗಿತ್ತು. ಒಂದು ದಿನದ ದಂಡ ಕೊಟ್ಟೆ.